ಬೆಲ್ಲದ ಕೋಣೆ, ಬಾಣಂತಿಯ ಕೋಣೆ

ಸುಶೀಲಾ, ನೀನು ದವಾಖಾನೆಯಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸಕ್ಕೆ ಸೇರಿದೆ ಎಂದು ನಿನ್ನ ತಮ್ಮ ಬಂದು ಹೇಳಿದ. ಹೇಳುವಾಗ ನಗುತ್ತಿದ್ದ. "ಆಯಿ, ನಿನ್ನ ಕಸಬರಗಿ ಮೊಮ್ಮಗಳ ಕೈಗೆ ಬಂತು ನೋಡ" ಎಂದ. ನನಗೆ ನಗು ಬರಲಿಲ್ಲ. ಅವನಿಗೆ ತಿರುಗಿ ಏನೂ ಅನ್ನಲೂ ಇಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಮೊದಲಿನಿಂದಲೂ ಆಗಿಬಂದದ್ದಲ್ಲ. ಊರ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮನೂ ಓದಲಿ.

ಈ ಕೆಲಸದಲ್ಲಿ ಮೇಲೆ ಏರುವುದು ಎಂಬುದಿಲ್ಲ. ಕಸಬರಗಿ ಹಿಡಿದು ಶುರು ಮಾಡುತ್ತೇವೆ, ಕಸಬರಗಿ ಹಿಡಿದೇ ಮುಗಿಸುತ್ತೇವೆ. ಆದರೆ ಮನೆ ಸ್ವಚ್ಛ ಮಾಡುವವಳಿಗೆ ಆ ಮನೆಯ ಒಳಗು ತಿಳಿದಷ್ಟು ಬೀಗರಿಗೂ ತಿಳಿಯುವುದಿಲ್ಲ. ಯಾವ ಕೋಣೆ ಬೆಚ್ಚಗಿದೆ, ಯಾವುದರ ಗೋಡೆ ಜಿನುಗುತ್ತದೆ ಎಂದು ಅವಳ ಅಂಗಾಲಿಗೇ ಗೊತ್ತಾಗುತ್ತದೆ. ಮನೆಯವರು ಯಾವುದಕ್ಕೆ ಯಾವ ಕೋಣೆ ಕೊಟ್ಟಿದ್ದಾರೆ ಎಂಬುದೂ ಅವಳ ಕಣ್ಣಿಗೆ ಬೀಳುತ್ತದೆ. ಗೋಕಾಕಿನ ಒಂದು ಮನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದನ್ನು ನೆನೆದರೆ ಈಗಲೂ ಉಣ್ಣುವ ರೊಟ್ಟಿಯನ್ನು ಬಿಟ್ಟು ಏಳುತ್ತೇನೆ. ಅಲ್ಲಿ ಒಣ ಕೋಣೆ ಬೆಲ್ಲಕ್ಕಿತ್ತು. ಹಸಿ ಕೋಣೆ ಬಾಣಂತಿಗಿತ್ತು. ಆ ಬಾಣಂತಿ ಪರರ ಮಗಳಲ್ಲ, ಮನೆಯವರದೇ ಮಗಳು.

ಅದನ್ನು ಹೇಳುವ ಮೊದಲು ನಾನು ಕೆಲಸ ಕಲಿತದ್ದನ್ನು ಹೇಳಬೇಕು. ಇಲ್ಲದಿದ್ದರೆ ನನ್ನ ಸಿಟ್ಟು ನಿನಗೆ ತಿಳಿಯುವುದಿಲ್ಲ.

ನಿಮ್ಮ ಅಜ್ಜ ಜ್ವರ ಬಂದು ಹೋದಾಗ ನಿಮ್ಮ ಅಪ್ಪ ಇನ್ನೂ ತೊಡೆಯ ಮೇಲಿದ್ದ. ಅಜ್ಜನ ಚಿಕ್ಕಮ್ಮ ಸಂಗವ್ವ ಗೋಕಾಕಿನಲ್ಲಿ ಮನೆ ಮನೆಗೆ ಹೋಗಿ ಸುಣ್ಣ ಸಾರಣೆ ಮಾಡುತ್ತಿದ್ದಳು. ಅವಳೇ ನನ್ನನ್ನು ಕರೆದುಕೊಂಡು ಹೋದಳು. ನಮ್ಮ ಸಾಮಾನು ಏನಿತ್ತು? ಸೆಗಣಿ, ಕೆಮ್ಮಣ್ಣು, ಜರಡಿ ಹಿಡಿದ ಒಲೆಯ ಬೂದಿ. ತಾಮ್ರಕ್ಕೆ ಹುಣಸೆಹಣ್ಣು, ಮರದ ಕಂಬಕ್ಕೆ ಅಂಟವಾಳಕಾಯಿ ನೆನೆಸಿದ ನೀರು, ಒಣಗಿದ ಮೇಲೆ ಕುಸುಬೆ ಎಣ್ಣೆಯ ಕೈ. ಬಟ್ಟೆಯ ಪೆಟ್ಟಿಗೆಗೆ ನೆರಳಲ್ಲಿ ಒಣಗಿಸಿದ ಬೇವಿನೆಲೆ. ಅಂಗಡಿಯಿಂದ ಬರುತ್ತಿದ್ದದ್ದು ಸುಣ್ಣ ಒಂದೇ. ಮಾನೌಮಿ ಹತ್ತಿರ ಬಂದರೆ ನಮಗೆ ಉಸಿರಾಡಲು ಪುರಸೊತ್ತಿರುತ್ತಿರಲಿಲ್ಲ. ಮನೆಯೊಳಗಿನ ಸಾಮಾನೆಲ್ಲ ಅಂಗಳಕ್ಕೆ ಬರುತ್ತಿತ್ತು, ಹಾಸಿಗೆಗಳು ಹೊಳೆಗೆ ಹೋಗುತ್ತಿದ್ದವು, ಮನೆಯ ಜಂತಿಯಿಂದ ನೆಲದವರೆಗೆ ನಮ್ಮ ಕೈ ಆಡುತ್ತಿತ್ತು.

ಆಮೇಲೆ ಹಬ್ಬದ ಮುಂಜಾನೆ ಬರುತ್ತಿತ್ತು. ಆ ದಿನ ಹೊಸ್ತಿಲು ಸಾರಿಸಲು ನಾನು ಆಗುತ್ತಿರಲಿಲ್ಲ. ಮುತ್ತೈದೆ ಬೇಕು. ವರ್ಷದ ಇಲಿಯ ಹಿಕ್ಕೆ, ಜೇಡರ ಬಲೆ, ಬಚ್ಚಲ ಪಾಚಿ ಎಲ್ಲ ನನ್ನ ಕೈಯದು. ಒಂದು ಮೊಳದ ಹೊಸ್ತಿಲು ಮಾತ್ರ ನನ್ನ ಕೈ ತಾಗಿದರೆ ಕೆಡುತ್ತದೆ. ಸಂಗವ್ವ ಕೂಡ ವಿಧವೆಯೇ. ಅವಳು ನಗುತ್ತಿದ್ದಳು. "ಒಂದ್ ಮೊಳ ಕೆಲಸ ಕಡಿಮಿ ಆತ ಬಿಡ, ಸೊಂಟ ಉಳೀತು" ಎನ್ನುತ್ತಿದ್ದಳು. ನನಗೆ ಅವಳಂತೆ ನಗಲು ಬರಲಿಲ್ಲ.

ಸಂಗವ್ವ ಸಾಕಷ್ಟು ಮುದುಕಿಯಾದ ಮೇಲೆ ನಾನು ಧುಪದಾಳಕ್ಕೆ ಹೋದೆ. ಅಲ್ಲಿ ಹೊಳೆಗೆ ಒಡ್ಡು ಕಟ್ಟಿದ್ದಾರಲ್ಲ, ಅದರ ಹತ್ತಿರದ ಒಂದು ಮನೆಯಲ್ಲಿ ಕಾಲುವೆ ನೋಡಿಕೊಳ್ಳುವ ಓವರಸಿಯರರು ಇದ್ದರು. ಅವರ ಹೆಂಡತಿ ಕಾರವಾರ ಕಡೆಯವರು. ಎಲ್ಲರೂ ಅವರನ್ನು ಮರ್ಯಾದೆಯಿಂದ ಬಾಯಿ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಮಳೆಗಾಲ. ಒಡ್ಡಿನ ಮೇಲಿಂದ ಧುಮುಕುವ ನೀರಿನ ತುಂತುರು ಗಾಳಿಯಲ್ಲಿ ತೇಲಿ ಬಂದು ಗೋಡೆಗೆ ಕೂಡುತ್ತಿತ್ತು. ಉಪ್ಪಿನ ಮಡಕೆಯಲ್ಲಿ ಉಪ್ಪು ನೀರಾಗಿ ನಿಂತಿರುತ್ತಿತ್ತು.

ನಮ್ಮ ಎರೆಮಣ್ಣಿನ ಊರುಗಳಲ್ಲಿ ಸಾರಿಸಿದ ನೆಲ ಉಂಡು ಏಳುವುದರೊಳಗೆ ಒಣಗುತ್ತದೆ. ಸಾರಿಸಿದಷ್ಟೂ ಚೊಕ್ಕಟ ಎಂಬುದು ನಮಗೆ ತಾಯಿಯ ಹಾಲಿನ ಜೊತೆಗೇ ಬಂದ ಮಾತು. ಆ ಮನೆಯಲ್ಲಿ ಸೋಮವಾರ ಸಾರಿಸಿದರೆ ಬುಧವಾರವೂ ಹಸಿಯೇ. ಸೆಗಣಿಯ ಮೇಲೆ ಬಿಳಿ ಬೂಷ್ಟು ಎದ್ದಿತು. ನಾನು ಸರಿಯಾಗಿ ಸಾರಿಸಲಿಲ್ಲವೇನೋ ಎಂದು ಹೆದರಿ, ಅದರ ಮೇಲೆ ಇನ್ನೂ ದಪ್ಪಗೆ ಸಾರಿಸಿದೆ. ಓವರಸಿಯರರು ಕಚೇರಿಗೆ ಹೊರಟವರು ಜಾರಿ ಬಿದ್ದರು. ನಾನು ಅಡುಗೆ ಮನೆಯ ಬಾಗಿಲ ಹಿಂದೆ ಅಡಗಿಕೊಂಡೆ. ಬಾಯಿ ಬಂದು ನನ್ನ ಕೈ ಹಿಡಿದು ಹೊರಗೆ ತಂದರು.

"ಈ ನೆಲಕ್ಕೆ ಬಾಯಾರಿಕೆ ಇಲ್ಲ ಮಾರಾಯ್ತಿ" ಎಂದರು. "ಕುಡಿದು ಕುಡಿದು ಅದರ ಹೊಟ್ಟೆ ಉಬ್ಬಿದೆ. ನೀನು ಮತ್ತೂ ಕುಡಿಸ್ತಾ ಇದ್ದೀ."

ಹಸಿ ಮನೆಯನ್ನು ಒಣ ಕೈಯಿಂದ ಸ್ವಚ್ಛ ಮಾಡಬೇಕೆಂದು ಕಲಿಸಿದವರು ಅವರು. ಸಮುದ್ರದ ದಂಡೆಯವರಿಗೆ ಅದು ಹುಟ್ಟಿನಿಂದ ಗೊತ್ತು. ಮಳೆಗಾಲದಲ್ಲಿ ನೆಲಕ್ಕೆ ನೀರು ತಾಗಿಸದೆ, ಬಿಸಿ ಮಾಡಿದ ಬೂದಿ ಚೆಲ್ಲಿ, ಅದು ಹಸಿಯನ್ನು ಹೀರಿದ ಮೇಲೆ ಗುಡಿಸಿ ತೆಗೆಯುವುದು. ಮೂಲೆಯಲ್ಲಿ ಒಡಕು ಮಡಕೆ ಇಟ್ಟು ಅದರಲ್ಲಿ ನೀರು ಹಾಕದ ಸುಣ್ಣದ ಹರಳು ತುಂಬುವುದು. ಹರಳು ಗಾಳಿಯ ತೇವ ಕುಡಿದು ತಾನೇ ಹಿಟ್ಟಾಗುತ್ತದೆ, ಆಗ ಬದಲಿಸುವುದು. ಪೆಟ್ಟಿಗೆ, ಮಲಗುವ ಹೊರಸುಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯುವುದು. ಕಿಟಕಿಯ ವಿಷಯದಲ್ಲಿ ಬಾಯಿ ಬಹಳ ಕಟ್ಟುನಿಟ್ಟು. ಮುಂಜಾನೆ ಮಂಜಿನಲ್ಲಿ ತೆರೆದರೆ ಹೊರಗಿನ ಹಸಿ ಒಳಗೆ ಬರುತ್ತದೆ, ಬಿಸಿಲು ಬಿದ್ದ ಮೇಲೆ ತೆರೆದರೆ ಒಳಗಿನ ಹಸಿ ಹೊರಗೆ ಹೋಗುತ್ತದೆ. ಕಿಟಕಿಯೇ ಇಲ್ಲದ ಕೋಣೆಗೆ ಯಾವ ಔಷಧವೂ ಇಲ್ಲ ಎಂದು ಅವರು ಹೇಳುತ್ತಿದ್ದರು. ಓವರಸಿಯರರಿಗೆ ವರ್ಗವಾಗಿ ಅವರು ಹೋದಾಗ ನಾನು ಗೋಕಾಕಿಗೆ ತಿರುಗಿ ಬಂದೆ. ಹಸಿ ಮನೆ ಒಣಗಿಸುವವಳು ಎಂದು ನನ್ನ ಹೆಸರು ಅಲ್ಲಿಗೆ ನನಗಿಂತ ಮೊದಲೇ ಬಂದಿತ್ತು.

ಹಾಗೆ ನನ್ನನ್ನು ಕರೆಸಿಕೊಂಡವರು ಒಬ್ಬ ಬೆಲ್ಲದ ವ್ಯಾಪಾರಿಗಳು. ಸಾಹುಕಾರರು ಎನ್ನುತ್ತೇನೆ, ಹೆಸರು ಬೇಡ. ಅವರ ಮನೆ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ಚಳಿಗಾಲದಲ್ಲಿ ಗಾಣದ ಮನೆಗಳಿಂದ ಬೆಲ್ಲ ಕೊಂಡು, ಶ್ರಾವಣದ ಹಬ್ಬಗಳವರೆಗೆ ಕಾದು, ಪಂಚಮಿಯ ಉಂಡಿ ಕಟ್ಟುವ ಹೊತ್ತಿಗೆ ಮಾರುವುದು ಅವರ ವ್ಯಾಪಾರ. ನಡುವೆ ಮಳೆಗಾಲ. ಬೆಲ್ಲಕ್ಕೆ ತೇವ ತಾಗಿದರೆ ಅಚ್ಚು ಹಾಕಿದ ಪೆಂಟೆ ಬೆವರುತ್ತದೆ, ಆಮೇಲೆ ಜೋನಿಯಾಗಿ ಹರಿಯುತ್ತದೆ. ಅದಕ್ಕೆ ಮನೆಯ ನಟ್ಟನಡುವಿನ ಕೋಣೆ ಮೀಸಲು. ಅದರ ಒಂದು ಗೋಡೆಯ ಆಚೆ ಅಡುಗೆಯ ಒಲೆ. ಇಡೀ ದಿನ ಗೋಡೆ ಬೆಚ್ಚಗಿರುತ್ತಿತ್ತು. ಪೂರ್ವಕ್ಕೆ ಎತ್ತರದಲ್ಲಿ ಒಂದು ಕಿಟಕಿ. ನೆಲಕ್ಕೆ ಹಲಗೆ, ಅದರ ಮೇಲೆ ಕಬ್ಬಿನ ಒಣ ಗರಿಯ ರವದಿ, ಅದರ ಮೇಲೆ ಗೋಣಿತಟ್ಟು, ಆಮೇಲೆ ಬೆಲ್ಲದ ಗೋಣಿಗಳು. ಅಲ್ಲಿಗೆ ದಿನವೂ ಬಿಸಿ ಬೂದಿ, ಸುಣ್ಣದ ಹರಳು, ಇದ್ದಿಲು ನೋಡಿಕೊಳ್ಳುವುದು ನನ್ನ ಕೆಲಸ. ಬಂದವರಿಗೆಲ್ಲ ಸಾಹುಕಾರರು ಆ ಕೋಣೆಯ ಬಾಗಿಲು ತೆಗೆದು ತೋರಿಸುತ್ತಿದ್ದರು. ಉಪ್ಪು ಇಟ್ಟರೂ ಒಣಗಿರುತ್ತದೆ ಎಂದು ಹೇಳಿಕೊಳ್ಳುತ್ತಿದ್ದರು.

ಮನೆಯ ಹಿಂದುಗಡೆ, ಬಚ್ಚಲಿಗೆ ಅಂಟಿಕೊಂಡು ಇನ್ನೊಂದು ಕೋಣೆ ಇತ್ತು. ಹೊಳೆಯ ತೇವ ಗೋಡೆಯ ಬುಡದಿಂದ ಏರಿ ಮೊಣಕಾಲಿನವರೆಗೆ ಕಪ್ಪಾಗಿ ನಿಂತಿತ್ತು. ಕಿಟಕಿ ಇಲ್ಲ. ಬಾಗಿಲು ಮುಚ್ಚಿದರೆ ಹಗಲಲ್ಲೂ ದೀಪ ಬೇಕು. ಸವೆದ ಬುಟ್ಟಿ, ಮುರಿದ ಹೊರಸು, ಹಳೆಯ ಹಗ್ಗ ಅಲ್ಲಿ ಬೀಳುತ್ತಿದ್ದವು. ಆ ವರ್ಷ ಆಷಾಢದ ಶುರುವಿಗೇ ನನಗೆ ಅದನ್ನು ತೆರವು ಮಾಡಿ ಸಾರಿಸಲು ಹೇಳಿದರು. ಯಾಕೆ ಎಂದು ಕೇಳಿದೆ. ಮಗಳು ಗೌರವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆ, ಬಾಣಂತನ ಅಲ್ಲಿಯೇ ಎಂದರು. ಈ ಮನೆಯಲ್ಲಿ ಯಾವತ್ತೂ ಬಾಣಂತಿಯರು ಇದ್ದದ್ದು ಅದೇ ಕೋಣೆಯಲ್ಲಂತೆ.

ಹೇಳಿದ ಕೆಲಸ ಮಾಡಿದೆ. ಸಾರಿಸಲಿಲ್ಲ, ಬೂದಿ ಹಾಕಿ ಗುಡಿಸಿದೆ. ಗೋಡೆಯ ಬೂಷ್ಟನ್ನು ಕೆರೆದು ಬಿಸಿ ಸುಣ್ಣ ಬಳಿದೆ. ಎಂಟು ದಿನದಲ್ಲಿ ಸುಣ್ಣದ ಮೇಲೆಯೇ ಮತ್ತೆ ಕಪ್ಪು ಚುಕ್ಕಿ ಬಂದವು.

ಗೌರವ್ವನಿಗೆ ಆಗ ಇಪ್ಪತ್ತೂ ತುಂಬಿರಲಿಕ್ಕಿಲ್ಲ. ಮೂಡಲಗಿಯ ಕಡೆ ಕೊಟ್ಟಿದ್ದರು. ಬಾಯಿಬಡಕಿ, ಆದರೆ ಒಳ್ಳೆಯ ಹುಡುಗಿ. ಹೊಟ್ಟೆ ಹೊತ್ತುಕೊಂಡು ಬೆಲ್ಲದ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಕಾಡುತ್ತಿದ್ದಳು. "ನೀಲವ್ವಕ್ಕ, ನಮ್ಮಪ್ಪ ಬೆಲ್ಲಾನ ಹಡದಾನೇನ ನನ್ನ ಹಡದಾನೇನ, ಖರೆ ಹೇಳ" ಎಂದು ಕೇಳಿ ತಾನೇ ನಗುತ್ತಿದ್ದಳು.

ಕೂಸು ಹುಟ್ಟಿತು, ಹೆಣ್ಣು. ಆ ದಿನದಿಂದ ಕೋಣೆಯ ಬಾಗಿಲಿಗೆ ಕಂಬಳಿ ಕಟ್ಟಿದರು. ಬಾಣಂತಿಗೆ ಗಾಳಿ ತಾಗಬಾರದು. ಹೊರಸಿನ ಕೆಳಗೆ ಕೆಂಡದ ಶೇಗಡಿ, ಮೂಲೆಯಲ್ಲಿ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನದ ಹೊಗೆ. ದಿನಕ್ಕೆ ಎರಡು ಸಲ ನೆಲ ಸಾರಿಸಬೇಕೆಂದು ಸಾಹುಕಾರರ ಅಪ್ಪಣೆ. ಒಣ ಕೋಣೆಯಲ್ಲಿ ಕೆಂಡದ ಶಾಖ ಬಾಣಂತಿಗೆ ಒಳ್ಳೆಯದೇ. ಇಲ್ಲಿ ಕೆಂಡವು ನೆಲದ ಹಸಿಯನ್ನು ಎಬ್ಬಿಸಿ ಗಾಳಿಗೆ ಸೇರಿಸುತ್ತಿತ್ತು, ಗಾಳಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ಒಳಗೆ ಹೋದರೆ ಅನ್ನದ ಹಂಡೆಯಲ್ಲಿ ಮುಖ ಇಟ್ಟಂತೆ ಆಗುತ್ತಿತ್ತು. ಗೌರವ್ವನ ನಗು ನಿಂತಿತು. ಕೆಮ್ಮು ಬಂತು, ಆಮೇಲೆ ಜ್ವರ. ಆಮೇಲೆ ಕೂಸಿನ ಎದೆ ಗೊರಗೊರ ಎನ್ನತೊಡಗಿತು. ಹಾಲು ಕುಡಿಯುತ್ತ ಕುಡಿಯುತ್ತ ಉಸಿರಿಗಾಗಿ ಮೊಲೆ ಬಿಡುತ್ತಿತ್ತು.

ಗೌರವ್ವನ ತಾಯಿ ಚನ್ನವ್ವ ಬಹಳ ಮೆತ್ತಗಿನ ಹೆಂಗಸು. ಹಿತ್ತಲಲ್ಲಿ ಅವರು ಒಬ್ಬರೇ ಇದ್ದಾಗ ಹೇಗೋ ಧೈರ್ಯ ಮಾಡಿ ಹೇಳಿದೆ. ಬಾಣಂತಿಯನ್ನು ನಡುವಿನ ಕೋಣೆಗೆ ತರೋಣ, ಬೆಲ್ಲವನ್ನು ಅಟ್ಟದ ಮೇಲೆ ಏರಿಸೋಣ, ಅಲ್ಲಿ ಅದಕ್ಕೆ ಬೇಕಾದ ಆರೈಕೆ ನಾನು ಮಾಡುತ್ತೇನೆ ಎಂದೆ. ಚನ್ನವ್ವ ನನ್ನ ಮುಖ ನೋಡಲಿಲ್ಲ. ಯಜಮಾನರಿಗೆ ಕೇಳಬೇಕು ಎಂದರು. ಕೇಳಿದರೋ ಇಲ್ಲವೋ ಎಂದು ನಾನು ಅಂದುಕೊಳ್ಳುವುದರೊಳಗೆ ಸಾಹುಕಾರರ ದನಿ ಪಡಸಾಲೆಯಿಂದ ಕೇಳಿತು.

"ಬಾಣಂತನ ಒಂದ್ ತಿಂಗಳದ್ದು. ಬೆಲ್ಲ ವರ್ಷದ್ದು. ತಿಳೀತಿಲ್ಲೊ?"

ಅಷ್ಟೇ. ಅವರಿಗೆ ಅದು ಕೂಡಿಸಿ ಕಳೆದು ನೋಡುವ ಮಾತೂ ಆಗಿರಲಿಲ್ಲ.

ನಾನು ಕದ್ದುಮುಚ್ಚಿ ಏನೇನೋ ಮಾಡಿದೆ. ಸಾರಿಸಿದಂತೆ ತೋರಿಸಿ ಬಾಗಿಲ ಬಳಿ ಮಾತ್ರ ಒದ್ದೆ ಮಾಡಿದೆ. ಕಂಬಳಿಯ ಒಂದು ತುದಿಯನ್ನು ಮಧ್ಯಾಹ್ನ ಬಿಚ್ಚಿದೆ. ಬೆಲ್ಲದ ಕೋಣೆಯ ಸುಣ್ಣದ ಹರಳಿನ ಮಡಕೆಯನ್ನು ಒಯ್ದು ಹೊರಸಿನ ಹತ್ತಿರ ಇಟ್ಟೆ. ಮಡಕೆ ಒಯ್ಯುವಾಗ ಸಾಹುಕಾರರು ನೋಡಿದರು. ಅವರು ಬೈಯಲಿಲ್ಲ, ಸುಮ್ಮನೆ ಕೈ ಮುಂದೆ ಮಾಡಿದರು. ನಾನು ಮಡಕೆ ಕೊಟ್ಟೆ. "ಇದು ಬೆಲ್ಲದ ಪಾಲಿಂದೈತಿ. ಕೊಟ್ಟಲ್ಲಿ ಇರಲಿ" ಎಂದು ತಿರುಗಿ ಅಲ್ಲಿಯೇ ಇಟ್ಟರು. ಬೆಲ್ಲಕ್ಕೆ ಪಾಲು ಇತ್ತು. ಆ ಎಳೆ ಕೂಸಿಗೆ ಒಂದು ಒಡಕು ಮಡಕೆಯ ಸುಣ್ಣದ ಪಾಲೂ ಇರಲಿಲ್ಲ. ನಾನು ತಲೆ ತಗ್ಗಿಸಿ ಬಂದೆ.

ಸಂತೆಯ ದಿನ ಬಂತು. ಸಾಹುಕಾರರು ಮುಂಜಾನೆಯೇ ಹೋದರು. ಬರುವಾಗ ಮಠದ ಅಯ್ಯನವರನ್ನು ಕರೆದುಕೊಂಡು ಬರುತ್ತೇನೆ, ಕೂಸಿಗೆ ಲಿಂಗ ಕಟ್ಟಿಸೋಣ ಎಂದು ಹೇಳಿ ಹೋದರು. ನಾನು ಬೆಲ್ಲದ ಕೋಣೆಯಲ್ಲಿ ಬೂದಿ ಗುಡಿಸುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಗೌರವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಗೋಡೆ ಹಿಡಿದುಕೊಂಡು, ತಾನೇ ನಡೆದು ಬಂದಿದ್ದಳು. ಯಾರಿಗೂ ಏನೂ ಕೇಳಲಿಲ್ಲ. ಒಲೆಯ ಕಡೆಯ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು, ಬೆಲ್ಲದ ಗೋಣಿಯ ಮೇಲೆ ಕುಳಿತು ಕಣ್ಣು ಮುಚ್ಚಿದಳು.

ನಾನು ಕಸಬರಗಿ ಕೆಳಗೆ ಇಟ್ಟೆ. ಎಳೆಯಬಹುದಾದ ಗೋಣಿಗಳನ್ನೆಲ್ಲ ಒಂದು ಬದಿಗೆ ಎಳೆದೆ. ಹಿಂದಿನ ಕೋಣೆಯಿಂದ ಹೊರಸು ತರಲು ಹೋದರೆ ಅದರ ಇನ್ನೊಂದು ತುದಿಯನ್ನು ಯಾರೋ ಎತ್ತಿದರು. ನೋಡಿದರೆ ಚನ್ನವ್ವ. ನಾವಿಬ್ಬರೂ ಹೊರಸು ತಂದು ಹಾಕಿದೆವು. ಅವರು ಹೋಗಿ ತಮ್ಮ ಹಾಸಿಗೆಯಿಂದ ಒಣ ಕೌದಿ ತಂದು ಹಾಸಿದರು. ಪೂರ್ವದ ಕಿಟಕಿಯಿಂದ ಬಿಸಿಲು ಬಂದು ಗೋಣಿಗಳ ಮೇಲೆ ಬಿದ್ದಿತ್ತು. ಕೂಸು ಹಾಲು ಕುಡಿಯತೊಡಗಿತು. ನಡುವೆ ಬಿಡುತ್ತಿತ್ತು, ಆದರೆ ಮತ್ತೆ ಹಿಡಿಯುತ್ತಿತ್ತು.

ಮಧ್ಯಾಹ್ನ ಸಾಹುಕಾರರು ಅಯ್ಯನವರ ಜೊತೆಗೆ ಬಂದರು. ಹಿಂದಿನ ಕೋಣೆ ಬರಿದಾಗಿತ್ತು. ನಡುವಿನ ಕೋಣೆಯ ಬಾಗಿಲಿಗೆ ಬಂದವರು ಅಲ್ಲಿಯೇ ನಿಂತುಬಿಟ್ಟರು. ಮಗಳ ಮುಖ, ಕೂಸಿನ ಮುಖ ನೋಡಲಿಲ್ಲ. ಕಣ್ಣು ಗೋಣಿಗಳನ್ನು ಎಣಿಸುತ್ತಿತ್ತು.

ಮೊದಲು ಬೈಗುಳ ನನಗೆ ಬಿತ್ತು. ಬೋಳಿ ಕಾಲಿಟ್ಟ ಮನೆ ಉದ್ಧಾರ ಆಗುವುದಿಲ್ಲ ಎಂದರು. ಅದು ನನಗೆ ಹೊಸದಲ್ಲ. ಆಮೇಲೆ ಅವರು ಅಂದದ್ದು ಹೊಸದು.

"ಬಾಣಂತಿ ಮಲಗಿದ ಖೋಲ್ಯಾಗಿನ ಬೆಲ್ಲ ಯಾರ ತಗೋತಾರ? ಸೂತಕದ ಬೆಲ್ಲ ಅಂತಾರ. ಪಂಚಮಿಗೆ ದೇವರ ಎಡಿಗೆ ಇಡೂ ಬೆಲ್ಲ ಇದು."

ಸುಶೀಲಾ, ಇದನ್ನು ನೀನು ಸರಿಯಾಗಿ ಓದು. ಆ ಮನೆಯವರು ಬಸವಣ್ಣನ ದಾರಿಯವರು. ಎಲ್ಲರ ಕೊರಳಲ್ಲಿ ಲಿಂಗ. ಲಿಂಗ ಇದ್ದ ಮೈಗೆ ಹುಟ್ಟಿನ ಸೂತಕವಿಲ್ಲ, ಸಾವಿನ ಸೂತಕವಿಲ್ಲ ಎಂಬುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಸಾಹುಕಾರರೇ ಪಡಸಾಲೆಯಲ್ಲಿ ಕುಳಿತು ಬೇರೆಯವರ ಮಡಿಯನ್ನು ಗೇಲಿ ಮಾಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಮನುಷ್ಯರಿಗೆ ಇಲ್ಲದ ಸೂತಕ ಬೆಲ್ಲಕ್ಕೆ ಬಂದಿತ್ತು.

ಅಯ್ಯನವರು ಇದ್ದಾರಲ್ಲ, ಅವರು ಹೇಳುತ್ತಾರೆ ಎಂದು ನಾನು ಅವರ ಕಡೆ ನೋಡಿದೆ. ವಯಸ್ಸಾದವರು, ಓದಿದವರು. ಅವರು ಜೋಳಿಗೆಯ ಗಂಟು ಸರಿಮಾಡಿಕೊಂಡರು.

"ನಮ್ಮ ಧರ್ಮದಾಗ ಸೂತಕ ಇಲ್ಲ, ಖರೆ" ಎಂದರು. "ಆದ್ರ ಕೊಳ್ಳಾಕ ಬರೂ ಮಂದಿ ಎಲ್ಲಾ ನಮ್ಮವರ ಇರೂದಿಲ್ಲ ನೋಡ್ರಿ. ಮಂದಿ ಬಾಯಿಗೆ ಯಾಕ ಬೀಳೂದು? ಒಂದ್ ನಾಕ ದಿವಸ ತಂಗಿ ತಡಕೊಂಡ್ರಾತು."

ತಂಗಿ ತಡೆದುಕೊಳ್ಳಬೇಕು. ಯಾವಾಗಲೂ ತಂಗಿಯೇ ತಡೆದುಕೊಳ್ಳಬೇಕು. ಸಾಹುಕಾರರು ಒಳಗೆ ಬಂದು ಹೊರಸಿಗೆ ಕೈ ಹಾಕಿದರು. ಗೌರವ್ವ ಎರಡೂ ಕೈಯಿಂದ ಹೊರಸಿನ ಕಟ್ಟು ಹಿಡಿದುಕೊಂಡಳು. "ಅಪ್ಪಾ, ನಾ ಏಳೂದಿಲ್ಲ. ಎತ್ತಿ ಒಗೀರಿ ಬೇಕಾದ್ರ" ಎಂದಳು. ಅವಳ ದನಿ ಕೆಮ್ಮಿನಲ್ಲಿ ಮುಚ್ಚಿಹೋಯಿತು.

ಆಗ ಚನ್ನವ್ವ ಬಂದು ಹೊರಸಿಗೂ ಗಂಡನಿಗೂ ನಡುವೆ ನಿಂತರು. ಆ ಹೆಂಗಸು ಗಂಡನೆದುರು ತಲೆಯ ಮೇಲಿನ ಸೆರಗು ಜಾರಲೂ ಬಿಟ್ಟವರಲ್ಲ. ಆಗ ಸೆರಗು ಹೆಗಲ ಮೇಲೆ ಬಿದ್ದಿತ್ತು, ಸರಿಮಾಡಿಕೊಳ್ಳಲಿಲ್ಲ. ದನಿ ಏರಿಸಲಿಲ್ಲ.

"ಅಕಿ ಹುಟ್ಟಿದ ಮ್ಯಾಲ ನಾ ಈ ಮನ್ಯಾಗ ಎರಡ ಹಡದೆ. ಎರಡೂ ಹಿಂದಿನ ಖೋಲ್ಯಾಗ ಕೆಮ್ಮಿ ಕೆಮ್ಮಿ ಹೋದ್ವು. ನಾ ಹಣೆಬಾರ ಅಂದೆ. ಆ ಎರಡೂ ವರ್ಷ ನಿಮ್ಮ ಬೆಲ್ಲ ಒಂದ್ ಪೆಂಟಿನೂ ಬೆವರಲಿಲ್ಲ. ನನಗ ನೆನಪ ಐತಿ. ನೀವು ಬಂದಾವರಿಗೆಲ್ಲ ಬಾಗಿಲ ತಗದ ತೋರಿಸಿದ್ರಿ."

ಒಲೆಯ ಮೇಲೆ ಏನೋ ಕುದಿಯುವ ಸದ್ದು ಗೋಡೆಯ ಆಚೆಯಿಂದ ಕೇಳುತ್ತಿತ್ತು. ಸಾಹುಕಾರರು ಹೊರಸಿನಿಂದ ಕೈ ತೆಗೆದರು. ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಚನ್ನವ್ವ ಅಯ್ಯನವರ ಕಡೆ ತಿರುಗಿ, ಕೂಸಿಗೆ ಲಿಂಗ ಕಟ್ಟುವುದಿದ್ದರೆ ಇಲ್ಲಿಯೇ ಕಟ್ಟಿರಿ, ಇಲ್ಲದಿದ್ದರೆ ಹೋಗಿಬರ್ರಿ ಎಂದರು. ಅವರು ಕಟ್ಟಿದರು. ಹೋಗುವಾಗ ದಕ್ಷಿಣೆಯ ಜೊತೆಗೆ ಕೊಟ್ಟ ಬೆಲ್ಲದ ಪೆಂಟೆಯನ್ನು ಮಾತ್ರ ಬೇಡ ಎನ್ನಲಿಲ್ಲ. ಅದೂ ಅದೇ ಕೋಣೆಯದು.

ಆ ದಿನವೇ ನನ್ನ ಕೆಲಸ ಹೋಯಿತು. ಬೆಲ್ಲವನ್ನು ಆಳುಗಳು ಅಟ್ಟಕ್ಕೆ ಏರಿಸಿದರು. ಅಲ್ಲಿ ಅದನ್ನು ನೋಡಿಕೊಳ್ಳಲು ನನ್ನನ್ನು ಬಿಡಲಿಲ್ಲ. ಕೆಲವು ಪೆಂಟೆ ಬೆವರಿದವಂತೆ. ಅದೂ ನನ್ನ ತಲೆಗೆ ಬಂತು. ಸೂತಕ ತಂದ ಬೋಳಿ ಎಂದು ಓಣಿಯಿಂದ ಓಣಿಗೆ ಮಾತು ಹರಿಯಿತು. ನಾನು ವರ್ಷಗಟ್ಟಲೆ ಸುಣ್ಣ ಹಚ್ಚಿದ ಮನೆಗಳವರು ಬಾಗಿಲಲ್ಲಿ ನಿಂತು, ಈ ಸಲ ಕೆಲಸ ಇಲ್ಲವ್ವ ಎಂದರು. ಪಂಚಮಿ ಬಂತು. ಅದೇ ಬೆಲ್ಲವನ್ನು ಕೊಂಡು, ಅದೇ ಮನೆಗಳಲ್ಲಿ ಉಂಡಿ ಕಟ್ಟಿದರು, ಬೆರಳು ನೆಕ್ಕಿ ತಿಂದರು. ಒಂದು ದೇವರೂ ಬೇಡ ಎನ್ನಲಿಲ್ಲ. ಬೆಲ್ಲ ಯಾವ ಕೋಣೆಯಲ್ಲಿತ್ತು ಎಂದು ಒಬ್ಬರೂ ಕೇಳಲಿಲ್ಲ. ಸೂತಕ ನನ್ನ ಹೊಟ್ಟೆಗೆ ಮಾತ್ರ ತಾಗಿತು.

ನಿಮ್ಮ ಅಪ್ಪನನ್ನು ಕರೆದುಕೊಂಡು ಹುಕ್ಕೇರಿಗೆ ಹೋದೆ. ಅಲ್ಲಿ ಆಗ ಫಿನೈಲು ಹೊಸದಾಗಿ ಬಂದಿತ್ತು. ನನ್ನನ್ನು ಇಟ್ಟುಕೊಂಡ ಮನೆಯವರು ಬಾಟಲಿ ಕೊಟ್ಟು, ಇನ್ನು ಬೂದಿ ಗೀದಿ ಬೇಡ ಎಂದರು. ಅವರು ಕಿಟಕಿಗಳನ್ನು ಮುಚ್ಚಿಸಿ, ಹಸಿ ನೆಲಕ್ಕೆ ಫಿನೈಲು ನೀರು ಹಾಕಿಸುತ್ತಿದ್ದರು. ನಾತದ ಮೇಲೆ ಇನ್ನೊಂದು ನಾತ ಹೊದಿಸಿದಂತೆ ಆಯಿತು. ಬೂಷ್ಟು ಎಲ್ಲಿಯದು ಅಲ್ಲಿಯೇ. ನಿನ್ನ ದವಾಖಾನೆಯಲ್ಲಿ ನಿನಗೂ ಬಾಟಲಿ ಕೊಡುತ್ತಾರೆ. ಬೇಡ ಎನ್ನಬೇಡ, ರೋಗಿಗಳ ಜಾಗಕ್ಕೆ ಅದು ಬೇಕಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಬೂದಿ, ಬೇವು, ಸುಣ್ಣ ಹಳೆಯವು ಎಂದು ಒಳ್ಳೆಯವಾಗಲಿಲ್ಲ. ಅದೇ ಸೆಗಣಿಯನ್ನು ಹಸಿ ನೆಲಕ್ಕೆ ಬಳಿದು ನಾನೇ ಒಬ್ಬರನ್ನು ಕೆಡವಿದ್ದೆ. ಕೈಯಲ್ಲಿ ಏನಿದ್ದರೂ ಮೊದಲು ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ನೋಡು. ಆಮೇಲೆ ಆ ಜಾಗದಲ್ಲಿ ಯಾರನ್ನು ಮಲಗಿಸಿದ್ದಾರೆ ನೋಡು.

ಹುಕ್ಕೇರಿಯಲ್ಲಿ ಇದ್ದಷ್ಟು ದಿನ ಗೌರವ್ವನ ಕೂಸು ಏನಾಯಿತು ಎಂಬುದು ನನಗೆ ತಿಳಿಯಲಿಲ್ಲ. ಕೇಳಲು ಮುಖವಿರಲಿಲ್ಲ, ಕೇಳಿ ಕೆಟ್ಟದ್ದು ಕೇಳಿಸಿಕೊಳ್ಳುವ ಧೈರ್ಯವೂ ಇರಲಿಲ್ಲ. ಯಾವ ಮನೆಯಲ್ಲಿ ಕೂಸು ಕೆಮ್ಮಿದರೂ ನನ್ನ ಕೈಯ ಕಸಬರಗಿ ನಿಲ್ಲುತ್ತಿತ್ತು.

ಮುಂದಿನ ವರ್ಷ ಬೇಸಿಗೆಯ ಕೊನೆಗೆ, ಸಂತೆಗೆ ಬಂದ ಬಳೆಗಾರ್ತಿಯ ಕೈಯಲ್ಲಿ ಚನ್ನವ್ವ ಹೇಳಿಕಳಿಸಿದರು. ಸಾಹುಕಾರರು ಊರಲ್ಲಿ ಇಲ್ಲ, ಒಂದು ಸಲ ಬಂದುಹೋಗಬೇಕು, ಹಿಂದಿನ ಕೋಣೆಗೆ ಸುಣ್ಣ ಆಗಬೇಕು ಎಂದು. ಹೋಗಲೋ ಬೇಡವೋ ಎಂದುಕೊಳ್ಳುತ್ತಲೇ ಗೋಕಾಕಿಗೆ ನಡೆದೆ. ಹಿತ್ತಲ ಬಾಗಿಲಲ್ಲಿ ಗೌರವ್ವ ನಿಂತಿದ್ದಳು, ತವರಿಗೆ ಬಂದಿದ್ದಳು. ಅವಳ ಕಾಲ ಹಿಂದಿನಿಂದ ಒಂದು ಕೂಸು ಇಣುಕಿ, ನನ್ನನ್ನು ನೋಡಿ ಹೆದರಿ ಅತ್ತಿತು. ಎಷ್ಟು ಗಟ್ಟಿಯಾಗಿ ಅತ್ತಿತೆಂದರೆ, ಅದರ ಎದೆಯಲ್ಲಿ ಗೊರಗೊರ ಇಲ್ಲ ಎಂಬುದನ್ನು ಬೇರೆ ಯಾರಿಗೂ ಕೇಳಬೇಕಾಗಲಿಲ್ಲ. "ನೀಲವ್ವಕ್ಕ, 'ಸೂತಕದ ಬೆಲ್ಲ' ನೋಡ ಹೆಂಗ ಒದರತೈತಿ" ಎಂದಳು ಗೌರವ್ವ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

ಚನ್ನವ್ವ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅದರ ಪೂರ್ವದ ಗೋಡೆಯಲ್ಲಿ ಒಂದು ಕಿಟಕಿ ಇತ್ತು. ಅದರ ಸುತ್ತ ಮೆತ್ತಿದ ಗಾರೆಯ ಹಸಿ ಗಿಲಾವು ಇನ್ನೂ ಆರಿರಲಿಲ್ಲ. ಗಂಡ ಊರಲ್ಲಿ ಇಲ್ಲದಾಗ ಗೌಂಡಿಯನ್ನು ಕರೆಸಿ ಗೋಡೆ ಒಡೆಸಿ ಮಾಡಿಸಿದ್ದರು. ಆ ಕೋಣೆಯ ನೆಲದ ಮೇಲೆ ನಾನು ಮೊದಲ ಸಲ ಬಿಸಿಲು ನೋಡಿದೆ. ಮೊಣಕಾಲೆತ್ತರದ ಕಪ್ಪು ಗೋಡೆ ಬಿಸಿಲಿನಲ್ಲಿ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಚನ್ನವ್ವ ಬಿಸಿಲಿನ ನಡುವೆ ಕುಳಿತು, ನೆಲವನ್ನು ಅಂಗೈಯಿಂದ ಸವರಿ ನೋಡುತ್ತಿದ್ದರು. ಅವರ ಎರಡು ಕೂಸುಗಳು ಕೆಮ್ಮಿ ಹೋದ ಕೋಣೆಯ ನೆಲ ಅದು.

ನಾನು ಸುಣ್ಣ ಕಲಸುತ್ತ, ಏನಾದರೂ ಕೇಳಬೇಕೆಂದು, ಗೌಂಡಿಗೆ ಎಷ್ಟು ದಿವಸ ಹಿಡಿಯಿತು ಎಂದೆ.

"ಎಲ್ಲಿ ದಿವಸ ತಂಗಿ" ಎಂದರು. "ಮುಂಜಾನಿ ಬಂದಾಂವ ಊಟದ ಹೊತ್ತಿಗೆ ಮುಗಿಸಿ ಹೋದ."